ಅಧ್ಯಕ್ಷನಾಗುವ ಮುಂಚಿನ ಲಿಂಕನ್: ಸಣ್ಣ ಊರಿನ ವಕೀಲ, ರಾಜ್ಯದ ಶಾಸಕ – ಪದೇ ಪದೇ ಕೇಳುವ ಪ್ರಶ್ನೆಗಳು

ಲಿಂಕನ್ ಬಗ್ಗೆ ನಮಗೆ ಗೊತ್ತೇ ಇದೆಯಲ್ಲ, ಇನ್ನೇನು ಹೊಸದು?

ನಮಗೆ ಗೊತ್ತಿರುವುದು ಮರದ ದಿಮ್ಮಿಯ ಗುಡಿಸಲಲ್ಲಿ ಹುಟ್ಟಿದ ಹುಡುಗ, ಆಮೇಲೆ ನೇರವಾಗಿ ಅಮೆರಿಕದ ಅಧ್ಯಕ್ಷ. ನಡುವಿನ ಕಥೆಯನ್ನು ಯಾರೂ ಹೇಳುವುದಿಲ್ಲ. ಅಧ್ಯಕ್ಷನಾಗಿ ಅಬ್ರಹಾಂ ಲಿಂಕನ್ ಇದ್ದದ್ದು 4 ವರ್ಷ, ಮೇಲೊಂದು ತಿಂಗಳು. ವಕೀಲನಾಗಿ ದುಡಿದದ್ದು ಸುಮಾರು 24 ವರ್ಷ. ಇಲಿನಾಯ್ ರಾಜ್ಯದ ವಿಧಾನಸಭೆಯಲ್ಲಿ ಸತತ 4 ಅವಧಿ ಕೂತಿದ್ದ. ಸಾಲದ ಕೇಸು, ಹಂದಿ ಕಳ್ಳತನದ ಕೇಸು, ರಸ್ತೆ ಮಸೂದೆ, ಬ್ಯಾಂಕ್ ಗಲಾಟೆ ಎಲ್ಲವನ್ನೂ ನೋಡಿದವನು. ಆ ಲಿಂಕನ್ ಬಗ್ಗೆ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಅವನು ಎಷ್ಟು ಓದಿದ್ದ?

ಶಾಲೆಗೆ ಹೋದ ದಿನಗಳನ್ನೆಲ್ಲ ಕೂಡಿದರೂ ಒಂದು ವರ್ಷ ತುಂಬುವುದಿಲ್ಲ. ಇದು ಅವನೇ ಬರೆದುಕೊಂಡದ್ದು. 1809ರಲ್ಲಿ ಕೆಂಟಕಿಯಲ್ಲಿ ಹುಟ್ಟಿದ. 7ನೇ ವಯಸ್ಸಿಗೆ ಮನೆಯವರು ಇಂಡಿಯಾನಾಗೆ ಗುಳೆ ಹೋದರು. 9ನೇ ವಯಸ್ಸಿಗೆ ತಾಯಿ ನ್ಯಾನ್ಸಿ ತೀರಿಕೊಂಡಳು. ವಿಷದ ಗಿಡ ಮೇಯ್ದ ಹಸುವಿನ ಹಾಲು ಕುಡಿದರೆ ಬರುವ ಕಾಯಿಲೆ ಅದು. ಆ ಕಾಲದಲ್ಲಿ ಊರೂರನ್ನೇ ಖಾಲಿ ಮಾಡಿಸಿತ್ತು. ಅಕ್ಷರದ ಹಸಿವು ಮಾತ್ರ ಅವನಿಗೆ ಕೊನೆವರೆಗೂ ಹೋಗಲಿಲ್ಲ. ಹೊಲದ ಕೆಲಸದ ನಡುವೆ ಓದುತ್ತಿದ್ದ. ಅಪ್ಪನಿಗೆ ಇದು ಅಷ್ಟಾಗಿ ಹಿಡಿಸುತ್ತಿರಲಿಲ್ಲ.

ರಾಜಕೀಯಕ್ಕೆ ಹೇಗೆ ಬಂದ?

1831ರಲ್ಲಿ, 22ನೇ ವಯಸ್ಸಿನಲ್ಲಿ, ಇಲಿನಾಯ್ ರಾಜ್ಯದ ನ್ಯೂ ಸೇಲಂ ಎಂಬ ಊರಿಗೆ ಬಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಸಾಂಗಮನ್ ನದಿಯ ದಂಡೆಯ ಮೇಲೆ ಬೆರಳೆಣಿಕೆಯ ಮನೆಗಳಿದ್ದ ಊರು. ಮುಂದಿನ ವರ್ಷವೇ ವಿಧಾನಸಭೆಗೆ ನಿಂತ! ಬಂದು ವರ್ಷ ತುಂಬುವ ಮೊದಲೇ ಉಮೇದುವಾರಿಕೆ ಪ್ರಕಟಿಸಿದ. ನದಿಯಲ್ಲಿ ದೋಣಿ ಓಡುವಂತೆ ಮಾಡಬೇಕು, ಬಡ್ಡಿ ದರಕ್ಕೆ ಮಿತಿ ಬೇಕು, ಎಲ್ಲರಿಗೂ ಓದು ಸಿಗಬೇಕು ಎಂದು ಪತ್ರಿಕೆಯಲ್ಲಿ ಬರೆದ. 13 ಜನರಲ್ಲಿ 8ನೆಯವನಾಗಿ ಸೋತ. ಆದರೆ ನನ್ನ ಮಟ್ಟಿಗೆ ಮುಖ್ಯವಾದ ಅಂಕಿ ಇನ್ನೊಂದಿದೆ. ತನ್ನ ಊರಿನ ಮತಗಟ್ಟೆಯಲ್ಲಿ ಬಿದ್ದ 300 ಮತಗಳಲ್ಲಿ 277 ಅವನಿಗೇ ಬಿದ್ದಿದ್ದವು. ಹತ್ತಿರದಿಂದ ಕಂಡವರು ಕೈ ಹಿಡಿದಿದ್ದರು. ದೂರದವರಿಗೆ ಅವನ ಹೆಸರೇ ಗೊತ್ತಿರಲಿಲ್ಲ, ಅಷ್ಟೇ.

1834ರಲ್ಲಿ ಮತ್ತೆ ನಿಂತು ಗೆದ್ದ. ನಡುವಿನ ಎರಡು ವರ್ಷ ಅವನು ಸುಮ್ನೆ ಕೂತಿರಲಿಲ್ಲ. ಊರಿನ ಪೋಸ್ಟ್ ಮಾಸ್ಟರ್ ಆದ. ಹೊಲ ಅಳೆಯುವ ಸರ್ವೇಯರ್ ಆದ. ಕಾಗದ ಕೊಡಲು, ಗಡಿ ಅಳೆಯಲು ಮನೆ ಮನೆಗೆ ಹೋಗುವವನಿಗೆ ಬೇರೆ ಪ್ರಚಾರ ಯಾಕೆ ಬೇಕು, ಅಲ್ವಾ?

ಅಂಗಡಿ ಹಾಕಿ ಸಾಲದಲ್ಲಿ ಮುಳುಗಿದ ಕಥೆ ನಿಜವೇ?

ನಿಜ. ವಿಲಿಯಂ ಬೆರ್ರಿ ಎಂಬುವನ ಜೊತೆ ಪಾಲುದಾರಿಕೆಯಲ್ಲಿ ಅಂಗಡಿ ಹಾಕಿದ. ಅದು ಮುಚ್ಚಿತು. 1835ರಲ್ಲಿ ಬೆರ್ರಿ ಸತ್ತ. ಅವನ ಪಾಲಿನ ಸಾಲವೂ ಲಿಂಕನ್ ತಲೆ ಮೇಲೆ ಬಂತು. ಒಟ್ಟು ಸುಮಾರು 1,100 ಡಾಲರ್. ಆ ಕಾಲಕ್ಕೆ ಅದು ಎಂಥ ಹೊರೆ ಎಂದರೆ, ತಮಾಷೆಗೆ ಅದನ್ನು ‘ರಾಷ್ಟ್ರೀಯ ಸಾಲ’ ಎಂದೇ ಕರೆಯುತ್ತಿದ್ದ. ಸಾಲ ಕೊಟ್ಟವರು ಅವನ ಕುದುರೆಯನ್ನೂ ಸರ್ವೇ ಸಾಮಾನುಗಳನ್ನೂ ಜಪ್ತಿ ಮಾಡಿಸಿ ಹರಾಜಿಗೆ ಇಟ್ಟರು. ಜೇಮ್ಸ್ ಶಾರ್ಟ್ ಎಂಬ ನೆರೆಯವನು ಹರಾಜಿನಲ್ಲಿ ಆ ಸಾಮಾನು ಕೊಂಡು, ಅವನಿಗೇ ವಾಪಸು ಕೊಟ್ಟ. ಸಾಲ ತೀರಿಸಲು ಲಿಂಕನ್‌ಗೆ ವರ್ಷಗಳೇ ಹಿಡಿದವು. ಆದರೆ ತೀರಿಸಿದ.

ಮುಂದೆ ಸಾಲದ ಕೇಸುಗಳನ್ನೇ ಜಾಸ್ತಿ ನಡೆಸಿದ ಈ ವಕೀಲನಿಗೆ ಜಪ್ತಿ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಶಾಸಕನಾಗಿ ಮಾಡಿದ್ದೇನು?

ಆಗ ರಾಜಧಾನಿ ವ್ಯಾಂಡೇಲಿಯಾ. ಮೊದಲ ಅಧಿವೇಶನಕ್ಕೆ ಹೋಗಲು ಸರಿಯಾದ ಬಟ್ಟೆಯೂ ಇರಲಿಲ್ಲ. ಕೋಲ್‌ಮನ್ ಸ್ಮೂಟ್ ಎಂಬ ರೈತನ ಹತ್ತಿರ 200 ಡಾಲರ್ ಕೈಸಾಲ ತಂದು, ಅದರಲ್ಲಿ 60 ಡಾಲರ್ ಕೊಟ್ಟು ಸೂಟು ಹೊಲಿಸಿಕೊಂಡ. ಶಾಸಕರಿಗೆ ದಿನಕ್ಕೆ ಸಿಗುತ್ತಿದ್ದದ್ದು 3 ಡಾಲರ್ ಭತ್ಯೆ. ಮೊದಲ ಅವಧಿಯಲ್ಲಿ ಹೆಚ್ಚು ಮಾತಾಡಲಿಲ್ಲ. ಕೇಳಿದ, ಕಲಿತ. ಅಕ್ಷರ ಚೆನ್ನಾಗಿದ್ದದ್ದರಿಂದ ಬೇರೆಯವರಿಗೂ ಮಸೂದೆ ಬರೆದುಕೊಟ್ಟ.

1836ರಲ್ಲಿ ಸಾಂಗಮನ್ ಕೌಂಟಿಯಿಂದ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಎಲ್ಲರಿಗಿಂತ ಜಾಸ್ತಿ ಮತ ಪಡೆದು ಗೆದ್ದ. ಆ ಸಲ ಅಲ್ಲಿಂದ ಬಂದ 7 ಜನ ಶಾಸಕರು, ರಾಜ್ಯದ ಮೇಲ್ಮನೆಯ 2 ಸೆನೆಟರುಗಳು ಎಲ್ಲರೂ ಎತ್ತರದ ಆಳುಗಳು. ‘ಉದ್ದನೆಯ ಒಂಬತ್ತು ಜನ’ ಎಂದೇ ಅವರಿಗೆ ಹೆಸರು ಬಿತ್ತು. ಲಿಂಕನ್ 6 ಅಡಿ 4 ಅಂಗುಲ. ರಾಜಧಾನಿಯನ್ನು ತಮ್ಮ ಸ್ಪ್ರಿಂಗ್‌ಫೀಲ್ಡ್‌ಗೆ ತರುವುದು ಇವರ ಗುರಿ. 1837ರ ಫೆಬ್ರವರಿ 28ರಂದು ಅದನ್ನು ಗೆದ್ದೇಬಿಟ್ಟರು.

ಇನ್ನೊಂದು ದೊಡ್ಡ ಕೆಲಸ ಕೈಕೊಟ್ಟಿತು. ರೈಲು, ಕಾಲುವೆ, ನದಿ ಹಾದಿಗಳಿಗಾಗಿ ಸುಮಾರು 1 ಕೋಟಿ ಡಾಲರ್‌ನ ಯೋಜನೆಗೆ ಲಿಂಕನ್ ಜೋರಾಗಿ ಬೆಂಬಲ ಕೊಟ್ಟ. ರೈಲು ಹಾದು ಹೋಗದ ಕೌಂಟಿಗಳಿಗೂ ಸಮಾಧಾನಕ್ಕೆಂದು 2 ಲಕ್ಷ ಡಾಲರ್ ಹಂಚುವ ಏರ್ಪಾಟು. ಎಲ್ಲರಿಗೂ ಪಾಲು ಇದ್ದದ್ದರಿಂದ ಮಸೂದೆ ಸಲೀಸಾಗಿ ಪಾಸಾಯಿತು. ಅದೇ ವರ್ಷ ದೇಶದಲ್ಲಿ ಬ್ಯಾಂಕುಗಳು ಬಿದ್ದವು. ಸಾಲ ಸಿಗಲಿಲ್ಲ. ಕಟ್ಟಿ ಮುಗಿದದ್ದು ರೈಲು ಹಾದಿಯ ಒಂದು ತುಣುಕು. ರಾಜ್ಯಕ್ಕೆ ಬಡ್ಡಿ ಕಟ್ಟಲೂ ಆಗದ ಸ್ಥಿತಿ ಬಂತು. ಲಿಂಕನ್ ಕೊನೆವರೆಗೂ ಆ ಯೋಜನೆಯನ್ನು ಸಮರ್ಥಿಸಿಕೊಂಡೇ ಬಂದ. ಇಲ್ಲಿ ಅವನು ತಪ್ಪಿದ ಎಂದೇ ನನ್ನ ಅಭಿಪ್ರಾಯ. ರಸ್ತೆ, ರೈಲು ಬಂದರೆ ಬಡ ರೈತನ ಬೆಳೆ ಸಂತೆ ಮುಟ್ಟುತ್ತದೆ ಎಂಬ ನಂಬಿಕೆ ಸರಿ. ಆದರೆ ಲೆಕ್ಕ ಸರಿಯಿರಲಿಲ್ಲ.

ವಿಧಾನಸಭೆಯ ಕಿಟಕಿಯಿಂದ ಹಾರಿದನಂತೆ, ಹೌದಾ?

ಹೌದು. 1840ರ ಡಿಸೆಂಬರ್. ಹೊಸ ಕಟ್ಟಡ ಮುಗಿದಿರದ ಕಾರಣ ಸಭೆ ಸ್ಪ್ರಿಂಗ್‌ಫೀಲ್ಡಿನ ಒಂದು ಚರ್ಚಿನಲ್ಲಿ ನಡೆಯುತ್ತಿತ್ತು. ಆ ಅಧಿವೇಶನ ಮುಗಿದರೆ ರಾಜ್ಯದ ಬ್ಯಾಂಕ್ ನೋಟಿಗೆ ಬದಲಾಗಿ ಬೆಳ್ಳಿ-ಬಂಗಾರದ ನಾಣ್ಯ ಕೊಡಲೇಬೇಕಿತ್ತು. ಹಾಗಾದರೆ ಬ್ಯಾಂಕ್ ಮುಳುಗುತ್ತದೆ ಎಂದು ಲಿಂಕನ್‌ನ ವಿಗ್ ಪಕ್ಷಕ್ಕೆ ಭಯ. ಕೋರಂ, ಅಂದರೆ ಸಭೆ ನಡೆಯಲು ಬೇಕಾದಷ್ಟು ಹಾಜರಿ, ಇಲ್ಲದಂತೆ ಮಾಡಿ ಸಭೆ ಮುಗಿಯದ ಹಾಗೆ ನೋಡಿಕೊಳ್ಳುವ ಉಪಾಯ ಹೂಡಿದರು. ಬಾಗಿಲು ಹಾಕಿದಾಗ ಲಿಂಕನ್ ಮತ್ತು ಒಂದಿಬ್ಬರು ಕಿಟಕಿಯಿಂದ ಹಾರಿದರು. ಪ್ರಯೋಜನ ಆಗಲಿಲ್ಲ. ಅಷ್ಟರಲ್ಲಿ ಅವರ ಹಾಜರಿ ಲೆಕ್ಕಕ್ಕೆ ಸೇರಿತ್ತು. ಇದನ್ನು ಯಾರಾದರೂ ಎತ್ತಿದರೆ ಅವನಿಗೆ ಮುಂದೆಯೂ ಮುಜುಗರವಾಗುತ್ತಿತ್ತು.

ಗುಲಾಮಗಿರಿ ಬಗ್ಗೆ ಆಗಲೇ ಮಾತಾಡಿದ್ದನೇ?

ಮಾತಾಡಿದ್ದ, ಬರೆದೂ ಇಟ್ಟಿದ್ದ. 1837ರ ಜನವರಿಯಲ್ಲಿ ಇಲಿನಾಯ್ ಸಭೆ ಗುಲಾಮಗಿರಿ ವಿರೋಧಿ ಸಂಘಗಳನ್ನು ಖಂಡಿಸಿ ನಿರ್ಣಯ ಮಾಡಿತು. ಪರ 77, ವಿರೋಧ 6. ಆ 6 ಜನರಲ್ಲಿ ಲಿಂಕನ್ ಒಬ್ಬ. ಮಾರ್ಚ್ 3ರಂದು ಡ್ಯಾನ್ ಸ್ಟೋನ್ ಎಂಬ ಇನ್ನೊಬ್ಬ ಶಾಸಕನ ಜೊತೆ ಸೇರಿ ಸಭೆಯ ದಾಖಲೆಗೆ ಲಿಖಿತ ಪ್ರತಿಭಟನೆ ಸೇರಿಸಿದ. ಗುಲಾಮಗಿರಿ ಅನ್ಯಾಯದ ಮೇಲೆ, ಕೆಟ್ಟ ನೀತಿಯ ಮೇಲೆ ನಿಂತಿದೆ ಎಂಬುದು ಅದರ ತಿರುಳು. ಅದೇ ಕಾಗದದಲ್ಲಿ, ಗುಲಾಮಗಿರಿಯನ್ನು ಒಮ್ಮೆಲೇ ತೆಗೆಯಬೇಕೆನ್ನುವವರ ಪ್ರಚಾರದಿಂದ ಕೇಡು ಹೆಚ್ಚುತ್ತದೆ ಎಂದೂ ಬರೆದ. ಎರಡನ್ನೂ ಸೇರಿಸಿಯೇ ಓದಬೇಕು. ಆದರೂ ಅವನಿಗೆ ಆಗ ಬರೀ 28 ವಯಸ್ಸು. ಈ ಸಹಿಯಿಂದ ಒಂದು ಮತವೂ ಬರುವಂತಿರಲಿಲ್ಲ. ಅದಕ್ಕೇ ಆ ಹಾಳೆ ನನಗೆ ಅವನ ಎಷ್ಟೋ ದೊಡ್ಡ ಭಾಷಣಗಳಿಗಿಂತ ಹತ್ತಿರ.

ಕಾನೂನು ಕಾಲೇಜಿಗೆ ಹೋಗದೆ ವಕೀಲನಾಗಿದ್ದು ಹೇಗೆ?

ಆಗ ಆ ಕಡೆ ಬಹುತೇಕ ವಕೀಲರು ಹಾಗೇ ಆಗುತ್ತಿದ್ದರು. ಯಾವುದಾದರೂ ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿ ಇದ್ದುಕೊಂಡು ಓದುವುದು ರೂಢಿ. ಲಿಂಕನ್‌ಗೆ ಅದೂ ಸಿಗಲಿಲ್ಲ. ಜೊತೆಯ ಶಾಸಕ ಜಾನ್ ಟಾಡ್ ಸ್ಟುವರ್ಟ್ ವಕೀಲಿ ಓದು ಎಂದು ಹುರಿದುಂಬಿಸಿ ತನ್ನ ಪುಸ್ತಕ ಕೊಟ್ಟ. ನ್ಯೂ ಸೇಲಂನಿಂದ ಸ್ಪ್ರಿಂಗ್‌ಫೀಲ್ಡ್‌ಗೆ 20 ಮೈಲಿ. ಹೋಗಿ ಪುಸ್ತಕ ತರುವುದು, ಮರದ ಕೆಳಗೆ ಕೂತು ಓದುವುದು, ವಾಪಸು ಕೊಡುವುದು. ಇಂಗ್ಲೆಂಡಿನ ಬ್ಲ್ಯಾಕ್‌ಸ್ಟೋನ್ ಬರೆದ ಕಾನೂನು ವ್ಯಾಖ್ಯಾನವೇ ಮುಖ್ಯ ಪಠ್ಯ. ಒಳ್ಳೆಯ ನಡತೆಯವನು ಎಂದು ಕೌಂಟಿ ಕೋರ್ಟಿನಿಂದ ಪ್ರಮಾಣಪತ್ರ ಬೇಕಿತ್ತು. ಅದು 1836ರ ಮಾರ್ಚ್‌ನಲ್ಲಿ ಸಿಕ್ಕಿತು. ಸನ್ನದು ಸೆಪ್ಟೆಂಬರ್‌ನಲ್ಲಿ.

1855ರಲ್ಲಿ ಒಬ್ಬ ಹುಡುಗ ಅವನ ಬಳಿ ಕಲಿಯಬೇಕೆಂದು ಕಾಗದ ಬರೆದ. ನಾನು ಊರಲ್ಲಿ ಇರುವುದೇ ಕಡಿಮೆ, ಪುಸ್ತಕ ತಂದು ಅರ್ಥವಾಗುವವರೆಗೆ ಓದು, ವಕೀಲನಾಗಲೇಬೇಕೆಂದು ಗಟ್ಟಿ ಮನಸ್ಸು ಮಾಡಿದ್ದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆದಂತೆಯೇ ಎಂದು ಉತ್ತರಿಸಿದ. ಅವನು ನಡೆದು ಬಂದ ದಾರಿಯೇ ಅದು.

ಸ್ಪ್ರಿಂಗ್‌ಫೀಲ್ಡ್‌ಗೆ ಬಂದಾಗ ಕೈಯಲ್ಲಿ ಏನಿತ್ತು?

ಎರಡು ಚೀಲ, ಕಡ ತಂದ ಕುದುರೆ. 1837ರ ಏಪ್ರಿಲ್ 15. ಜೋಷುವಾ ಸ್ಪೀಡ್ ಎಂಬುವನ ಅಂಗಡಿಗೆ ಹೋಗಿ ಹಾಸಿಗೆಯ ಬೆಲೆ ಕೇಳಿದ. ಎಲ್ಲ ಸೇರಿ 17 ಡಾಲರ್. ಅಷ್ಟಿಲ್ಲ, ಕ್ರಿಸ್ಮಸ್‌ವರೆಗೆ ಸಾಲ ಕೊಡುತ್ತೀರಾ, ಆದರೆ ವಕೀಲಿ ನಡೆಯದಿದ್ದರೆ ತೀರಿಸುವ ಗ್ಯಾರಂಟಿ ಇಲ್ಲ ಎಂದ. ಅಷ್ಟು ಬೇಸರದ ಮುಖವನ್ನು ತಾನು ನೋಡೇ ಇರಲಿಲ್ಲ ಎಂದು ಸ್ಪೀಡ್ ನಂತರ ನೆನೆದಿದ್ದಾನೆ. ಮೇಲೆ ನನ್ನ ಮಂಚ ದೊಡ್ಡದಿದೆ, ಬಂದಿರು ಎಂದ. ಲಿಂಕನ್ ಚೀಲ ಹೊತ್ತು ಮಹಡಿ ಹತ್ತಿ ಇಟ್ಟು ಬಂದು, ನಗುತ್ತಾ, ಮನೆ ಬದಲಾಯಿಸಿ ಆಯ್ತು ಎಂದ. ಆ ಸ್ನೇಹ ಜೀವನಪೂರ್ತಿ ಉಳಿಯಿತು.

ಕತ್ತಿ ಹಿಡಿದು ದ್ವಂದ್ವಕ್ಕೆ ಹೋಗಿದ್ದನೇ?

ಹೋಗಿದ್ದ, 1842ರ ಸೆಪ್ಟೆಂಬರ್ 22ರಂದು. ರಾಜ್ಯ ಬ್ಯಾಂಕಿನ ನೋಟನ್ನು ತೆರಿಗೆಗೆ ತೆಗೆದುಕೊಳ್ಳುವುದಿಲ್ಲ ಎಂದು ಸರ್ಕಾರ ಹೇಳಿದಾಗ, ಲೆಕ್ಕಾಧಿಕಾರಿ ಜೇಮ್ಸ್ ಶೀಲ್ಡ್ಸ್‌ನನ್ನು ಗೇಲಿ ಮಾಡಿ ಲಿಂಕನ್ ಒಬ್ಬ ಹಳ್ಳಿ ಹೆಂಗಸಿನ ಹೆಸರಲ್ಲಿ ಪತ್ರಿಕೆಗೆ ಬರೆದಿದ್ದ. ಶೀಲ್ಡ್ಸ್ ಸವಾಲು ಹಾಕಿದ. ಉದ್ದ ಕೈಯ ಲಿಂಕನ್ ಆರಿಸಿದ್ದು ಕುದುರೆ ಸವಾರರ ದೊಡ್ಡ ಕತ್ತಿ. ಇಲಿನಾಯ್‌ನಲ್ಲಿ ದ್ವಂದ್ವಕ್ಕೆ ನಿಷೇಧ ಇದ್ದದ್ದರಿಂದ ಮಿಸಿಸಿಪ್ಪಿ ನದಿಯ ದ್ವೀಪವೊಂದಕ್ಕೆ ಹೋದರು. ಸ್ನೇಹಿತರು ರಾಜಿ ಮಾಡಿಸಿದರು. ಇದರ ಬಗ್ಗೆ ಲಿಂಕನ್‌ಗೆ ಕೊನೆವರೆಗೂ ನಾಚಿಕೆ ಇತ್ತು. ಮುಂದೆ ಅಧ್ಯಕ್ಷ ಲಿಂಕನ್‌ನ ಸೇನೆಯಲ್ಲಿ ಇದೇ ಶೀಲ್ಡ್ಸ್ ಜನರಲ್ ಆಗಿ ಹೋರಾಡಿದ.

ಅವನ ಬಳಿ ಬರುತ್ತಿದ್ದದ್ದು ಎಂಥ ಕೇಸುಗಳು? ಫೀಸು ಎಷ್ಟು?

ಅವನೂ ಅವನ ಪಾಲುದಾರರೂ ಸೇರಿ 5,000ಕ್ಕೂ ಜಾಸ್ತಿ ಕೇಸು ನಡೆಸಿದರು. ಅರ್ಧಕ್ಕಿಂತ ಹೆಚ್ಚು ಸಾಲ ವಸೂಲಿ. ಉಳಿದದ್ದು ಜಮೀನು, ಆಸ್ತಿ ಪಾಲು, ವಿಚ್ಛೇದನ, ಬೈಗುಳದ ಮೇಲೆ ಮಾನನಷ್ಟ. ಸಾಮಾನ್ಯ ಫೀಸು 5ರಿಂದ 20 ಡಾಲರ್. ರಾಜ್ಯದ ಸುಪ್ರೀಂ ಕೋರ್ಟಿನಲ್ಲೇ 300ಕ್ಕೂ ಮೇಲೆ ಕೇಸು ವಾದಿಸಿದ. ಇದು ಸಣ್ಣ ವಕೀಲನ ಲೆಕ್ಕ ಅಲ್ಲ.

ಮೊದಲು ಸ್ಟುವರ್ಟ್ ಜೊತೆ ಪಾಲುದಾರಿಕೆ, 1841ರಿಂದ ಸ್ಟೀಫನ್ ಲೋಗನ್ ಜೊತೆ, 1844ರಿಂದ ತನಗಿಂತ ಚಿಕ್ಕವನಾದ ವಿಲಿಯಂ ಹರ್ನ್‌ಡನ್ ಜೊತೆ. ಲೋಗನ್ ಶಿಸ್ತಿನ ಮನುಷ್ಯ. ಕೇಸನ್ನು ಎದುರಾಳಿಯ ಕಡೆಯಿಂದಲೂ ಓದಬೇಕು ಎಂಬುದನ್ನು ಲಿಂಕನ್ ಅವನಿಂದ ಕಲಿತ. ಹರ್ನ್‌ಡನ್ ಜೊತೆ ಬಂದ ಫೀಸನ್ನು ಸಮ ಅರ್ಧ ಹಂಚಿಕೊಳ್ಳುತ್ತಿದ್ದ. ಹಿರಿಯ ವಕೀಲ ಹೀಗೆ ಮಾಡಬೇಕಿರಲಿಲ್ಲ.

ಕಚೇರಿ ಮಾತ್ರ ಅಸ್ತವ್ಯಸ್ತ. ಕಾಗದಗಳನ್ನು ತನ್ನ ಎತ್ತರದ ಟೋಪಿಯೊಳಗೆ ಇಟ್ಟುಕೊಳ್ಳುತ್ತಿದ್ದ. ಹೊಸ ಟೋಪಿ ಕೊಂಡು ಹಳೆಯದನ್ನು ಬದಿಗಿಟ್ಟಾಗ ನಿಮ್ಮ ಪತ್ರ ಅದರಲ್ಲೇ ಉಳಿಯಿತು, ತಡವಾಯಿತು, ಕ್ಷಮಿಸಿ ಎಂದು ಒಬ್ಬ ವಕೀಲನಿಗೆ ಬರೆದಿದ್ದಾನೆ. ಒಂದು ಕಟ್ಟಿನ ಮೇಲೆ, ಬೇರೆಲ್ಲೂ ಸಿಗದಿದ್ದರೆ ಇದರಲ್ಲಿ ನೋಡು ಎಂದು ಬರೆದಿಟ್ಟಿದ್ದ. ಬೆಳಿಗ್ಗೆ ಬಂದು ಸೋಫಾದಲ್ಲಿ ಕಾಲು ಚಾಚಿ ಪೇಪರನ್ನು ಗಟ್ಟಿಯಾಗಿ ಓದುವುದು ಅಭ್ಯಾಸ. ಭಾನುವಾರ ಮಕ್ಕಳನ್ನು ಕರೆತಂದರೆ ಅವು ಮಸಿ, ಪುಸ್ತಕ ಎಲ್ಲ ಎಳೆದಾಡುತ್ತಿದ್ದವು. ಹರ್ನ್‌ಡನ್ ಹಲ್ಲು ಕಚ್ಚಿಕೊಂಡು ಸಹಿಸುತ್ತಿದ್ದ.

ಕಿರಿಯ ವಕೀಲರಿಗೆಂದು ಮಾಡಿಕೊಂಡ ಟಿಪ್ಪಣಿಯಲ್ಲಿ, ವ್ಯಾಜ್ಯ ಬೇಡ ಎಂದು ಜನರಿಗೆ ಹೇಳಿ, ಆದಷ್ಟು ರಾಜಿ ಮಾಡಿಸಿ ಎನ್ನುತ್ತಾನೆ. ಪ್ರಾಮಾಣಿಕ ವಕೀಲನಾಗಲು ಆಗದಿದ್ದರೆ, ವಕೀಲಿ ಬಿಟ್ಟು ಪ್ರಾಮಾಣಿಕನಾಗಿರು ಎಂಬ ಮಾತೂ ಅದರಲ್ಲೇ ಇದೆ.

ಊರೂರು ತಿರುಗುವ ಕೋರ್ಟು ಎಂದರೇನು?

ಊರಿಗೊಂದು ಕಾಯಂ ಕೋರ್ಟು ಇರಲಿಲ್ಲ. ನ್ಯಾಯಾಧೀಶರು ಕೌಂಟಿಯಿಂದ ಕೌಂಟಿಗೆ ಹೋಗುತ್ತಿದ್ದರು. ವಕೀಲರೂ ಹಿಂದೆಯೇ. ಲಿಂಕನ್‌ನದು 8ನೇ ಸರ್ಕ್ಯೂಟ್. ಒಂದು ಕಾಲಕ್ಕೆ ಅದರಲ್ಲಿ 14 ಕೌಂಟಿಗಳಿದ್ದವು. ವರ್ಷಕ್ಕೆ ಎರಡು ಸುತ್ತು, ಒಂದೊಂದು ಸುತ್ತಿಗೂ ಎರಡು ಮೂರು ತಿಂಗಳು. ಕೆಸರು ದಾರಿ, ಸೇತುವೆ ಇಲ್ಲದ ಹೊಳೆ. ರಾತ್ರಿ ಛತ್ರದಂಥ ಹೋಟೆಲಿನಲ್ಲಿ ಒಂದೇ ಮಂಚಕ್ಕೆ ಇಬ್ಬರು ವಕೀಲರು. ನ್ಯಾಯಾಧೀಶ ಡೇವಿಡ್ ಡೇವಿಸ್ ತುಂಬಾ ದಪ್ಪ ಇದ್ದದ್ದರಿಂದ ಅವನಿಗೆ ಮಾತ್ರ ಪೂರ್ತಿ ಮಂಚ. ಹಗಲು ಎದುರು ಬದುರು ವಾದ, ರಾತ್ರಿ ಒಂದೇ ಪಂಕ್ತಿಯಲ್ಲಿ ಊಟ. ಕೋರ್ಟು ಬಂದ ದಿನ ಊರಲ್ಲಿ ಜಾತ್ರೆಯಂತೆ ಜನ ಸೇರುತ್ತಿದ್ದರು. ಲಿಂಕನ್ ಕಥೆ ಕೇಳಲು ಅವರು ಕಾಯುತ್ತಿದ್ದರು.

ಬೇರೆ ವಕೀಲರು ವಾರದ ಕೊನೆಗೆ ಮನೆಗೆ ಓಡುತ್ತಿದ್ದರು. ಇವನು ಸುತ್ತು ಪೂರ್ತಿ ಮುಗಿಸಿಯೇ ಬರುತ್ತಿದ್ದ. 1842ರಲ್ಲಿ ಮದುವೆಯಾದ ಮೇರಿ ಟಾಡ್ ಅಷ್ಟು ತಿಂಗಳು ಒಬ್ಬಳೇ ಮನೆ, ಮಕ್ಕಳನ್ನು ನೋಡಿಕೊಳ್ಳಬೇಕಿತ್ತು. ಎರಡನೇ ಮಗ ಎಡ್ಡಿ 1850ರಲ್ಲಿ 4 ವರ್ಷ ತುಂಬುವ ಮೊದಲೇ ತೀರಿಕೊಂಡ. ಮೇರಿಯನ್ನು ಸಿಡುಕಿ ಎಂದು ಬರೆಯುವವರು ಈ ಒಂಟಿತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪಂಚಾಂಗ ತೋರಿಸಿ ಕೊಲೆ ಕೇಸು ಗೆದ್ದದ್ದು ಹೇಗೆ?

1857ರ ಆಗಸ್ಟ್ 29ರ ರಾತ್ರಿ ಒಂದು ಧಾರ್ಮಿಕ ಕೂಟದ ಹತ್ತಿರ ಕುಡಿದವರ ಹೊಡೆದಾಟವಾಗಿ ಜೇಮ್ಸ್ ಮೆಟ್ಜ್‌ಕರ್ ಎಂಬುವನು ಸತ್ತ. ಆರೋಪಿಗಳಲ್ಲಿ ಒಬ್ಬ ಡಫ್ ಆರ್ಮ್‌ಸ್ಟ್ರಾಂಗ್. ನ್ಯೂ ಸೇಲಂನಲ್ಲಿ ಲಿಂಕನ್ ಜೊತೆ ಕುಸ್ತಿ ಹಿಡಿದು ಆಮೇಲೆ ಗೆಳೆಯನಾದ ಜ್ಯಾಕ್‌ನ ಮಗ. ಜ್ಯಾಕ್ ಅಷ್ಟರಲ್ಲಿ ಸತ್ತಿದ್ದ. ವಿಧವೆ ಹಾನಾ, ಹಿಂದೆ ಲಿಂಕನ್‌ಗೆ ಊಟ ಹಾಕಿ, ಹರಿದ ಪ್ಯಾಂಟಿಗೆ ತೇಪೆ ಹಾಕಿಕೊಟ್ಟವಳು. ಲಿಂಕನ್ ಒಂದು ಕಾಸೂ ತೆಗೆದುಕೊಳ್ಳದೆ ಕೇಸು ಹಿಡಿದ.

1858ರ ಮೇ 7, ಬಿಯರ್ಡ್ಸ್‌ಟೌನ್ ಕೋರ್ಟು. ಮುಖ್ಯ ಸಾಕ್ಷಿ ಚಾರ್ಲ್ಸ್ ಆಲನ್. ಸುಮಾರು 150 ಅಡಿ ದೂರದಿಂದ ಹೊಡೆದದ್ದನ್ನು ಕಂಡೆ ಎಂದ. ಪಾಟಿಸವಾಲಿನಲ್ಲಿ ಲಿಂಕನ್ ಜಗಳಕ್ಕೇ ಹೋಗಲಿಲ್ಲ. ರಾತ್ರಿ ಎಷ್ಟು ಗಂಟೆ? ಸುಮಾರು 11. ಹೇಗೆ ಕಂಡಿತು? ಬೆಳದಿಂಗಳು ಚೆನ್ನಾಗಿತ್ತು. ಚಂದ್ರ ಎಲ್ಲಿದ್ದ? ನೆತ್ತಿಯ ಹತ್ತಿರ. ಇದನ್ನೇ ಮತ್ತೆ ಮತ್ತೆ ಅವನ ಬಾಯಲ್ಲಿ ಹೇಳಿಸಿದ. ಆಮೇಲೆ ಆ ವರ್ಷದ ಪಂಚಾಂಗ ತೆಗೆದ. ಆ ಹೊತ್ತಿಗೆ ಚಂದ್ರ ಕೆಳಗಿಳಿದು ಮುಳುಗುವ ಹಂತದಲ್ಲಿದ್ದ. ಜ್ಯೂರಿ ಡಫ್‌ನನ್ನು ಬಿಡುಗಡೆ ಮಾಡಿತು. ಲಿಂಕನ್ ಸುಳ್ಳು ಪಂಚಾಂಗ ಮುದ್ರಿಸಿ ತಂದಿದ್ದ ಎಂಬ ಪುಕಾರು ಆಮೇಲೆ ಹಬ್ಬಿತು. ಖಗೋಳ ಲೆಕ್ಕ ಹಾಕಿ ನೋಡಿದವರು ಪಂಚಾಂಗ ಹೇಳಿದ್ದೇ ಸರಿ ಎಂದಿದ್ದಾರೆ.

ಗುಲಾಮರ ಮಾಲೀಕನ ಪರ ವಾದಿಸಿದ್ದನೇ?

ವಾದಿಸಿದ್ದ. ಇದನ್ನು ಮುಚ್ಚಿಡಬಾರದು. 1847ರಲ್ಲಿ ಕೆಂಟಕಿಯ ರಾಬರ್ಟ್ ಮ್ಯಾಟ್ಸನ್ ತನ್ನ ಇಲಿನಾಯ್ ಜಮೀನಿಗೆ ಕರೆತಂದಿದ್ದ ಜೇನ್ ಬ್ರಯಂಟ್ ಮತ್ತು ಅವಳ ಮಕ್ಕಳನ್ನು ವಾಪಸು ಪಡೆಯಲು ದಾವೆ ಹೂಡಿದ. ಲಿಂಕನ್ ಮ್ಯಾಟ್ಸನ್ ಪರ ನಿಂತು ಸೋತ. ಆ ತಾಯಿ ಮಕ್ಕಳು ಸ್ವತಂತ್ರರಾದರು. ಅವನು ಸೋತದ್ದೇ ಒಳ್ಳೆಯದಾಯಿತು. 6 ವರ್ಷ ಮೊದಲು, 1841ರಲ್ಲಿ, ಇದೇ ಲಿಂಕನ್ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ನ್ಯಾನ್ಸ್ ಎಂಬ ಕಪ್ಪು ಹೆಣ್ಣುಮಗಳ ಕೇಸು ಗೆದ್ದಿದ್ದ. ಅವಳನ್ನು ಮಾರಿದ್ದಕ್ಕೆ ಬರೆಸಿಕೊಂಡ ಪ್ರಾಮಿಸರಿ ನೋಟಿನ ಹಣ ವಸೂಲಿಯ ಕೇಸದು. ಇಲಿನಾಯ್‌ನಲ್ಲಿ ಬಣ್ಣ ಯಾವುದೇ ಇರಲಿ, ಪ್ರತಿಯೊಬ್ಬರೂ ಸ್ವತಂತ್ರರು ಎಂದೇ ಕಾನೂನು ಭಾವಿಸುತ್ತದೆ, ಸ್ವತಂತ್ರ ವ್ಯಕ್ತಿಯನ್ನು ಮಾರುವಂತಿಲ್ಲ, ನೋಟು ಊರ್ಜಿತವಲ್ಲ ಎಂದು ಕೋರ್ಟು ಹೇಳಿತು. ನ್ಯಾನ್ಸ್ ತಾನೂ ಸುಮ್ಮನಿದ್ದವಳಲ್ಲ. ನಾನು ಗುಲಾಮಳಲ್ಲ ಎಂದು ಮೊದಲಿನಿಂದಲೂ ಹೇಳುತ್ತಲೇ ಬಂದಿದ್ದಳು.

ಬಂದ ಕಕ್ಷಿದಾರನ ಪರ ನಿಲ್ಲುವುದೇ ವೃತ್ತಿಧರ್ಮ ಎಂದು ಕೆಲವರು ಮ್ಯಾಟ್ಸನ್ ಕೇಸನ್ನು ಸಮರ್ಥಿಸುತ್ತಾರೆ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಜೇನ್‌ಗೂ ವಕೀಲರು ಬೇಕಿತ್ತು.

ರೈಲು ಕಂಪನಿಯ ವಕೀಲನೂ ಆಗಿದ್ದನಂತೆ?

ಹೌದು. ಮೆಕ್ಲೀನ್ ಕೌಂಟಿ ತೆರಿಗೆ ಹಾಕಲು ಹೊರಟಾಗ ಇಲಿನಾಯ್ ಸೆಂಟ್ರಲ್ ರೈಲ್ವೆ ಪರ ವಾದಿಸಿ 1856ರಲ್ಲಿ ಗೆದ್ದ. 5,000 ಡಾಲರ್ ಫೀಸು ಕೊಡಲು ಕಂಪನಿ ಒಪ್ಪಲಿಲ್ಲ. ಅದರ ಮೇಲೇ ದಾವೆ ಹಾಕಿ ವಸೂಲಿ ಮಾಡಿದ. ಅರ್ಧ ಹರ್ನ್‌ಡನ್‌ಗೆ ಕೊಟ್ಟ.

ಮಗನ ಮೇಷ್ಟ್ರಿಗೆ ಬರೆದ ಪತ್ರ, ಸೋಲಿನ ಪಟ್ಟಿ – ಇವು ನಿಜವೇ?

ನಮ್ಮ ಎಷ್ಟೋ ಶಾಲೆಗಳ ಗೋಡೆಯ ಮೇಲೆ ಆ ಪತ್ರ ತೂಗುತ್ತಿರುತ್ತದೆ. ನಾನೂ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದೆ. ಮಾತುಗಳು ಒಳ್ಳೆಯವು. ಆದರೆ ಲಿಂಕನ್ ಅದನ್ನು ಬರೆದದ್ದಕ್ಕೆ ಒಂದು ಪುರಾವೆಯೂ ಇಲ್ಲ. ಅವನ ಕಾಗದ ಪತ್ರಗಳಲ್ಲಿ ಅದು ಎಲ್ಲೂ ಸಿಕ್ಕಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಪಟ್ಟಿಯ ಕಥೆ ಬೇರೆ. 1832ರಲ್ಲಿ ಸೋತ, ಅಂಗಡಿ ಮುಳುಗಿತು, ಮತ್ತೆ ಸೋತ, ಮತ್ತೆ ಸೋತ, ಕೊನೆಗೆ ಅಧ್ಯಕ್ಷನಾದ. ಕೆಲವು ಸಾಲು ನಿಜ. ಸ್ಪೀಕರ್ ಚುನಾವಣೆ ಸೋತದ್ದು ನಿಜ, 1855 ಮತ್ತು 1858ರಲ್ಲಿ ದೇಶದ ಸೆನೆಟ್ ಕೈತಪ್ಪಿದ್ದೂ ನಿಜ. 1848ರಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಚುನಾವಣೆ ಸೋತ ಎಂಬುದು ಸುಳ್ಳು. ಅಲ್ಲಿ ಒಂದು ಅವಧಿಗೆ ಸದಸ್ಯನಾಗಿದ್ದ ಅವನು ಆ ಸಲ ಮತ್ತೆ ನಿಲ್ಲಲೇ ಇಲ್ಲ. ಸರದಿ ಬಿಟ್ಟುಕೊಡುವುದು ಅಲ್ಲಿ ಪಕ್ಷದೊಳಗಿನ ಒಪ್ಪಂದವಾಗಿತ್ತು. 1834, 1836, 1838, 1840ರಲ್ಲಿ ಗೆದ್ದದ್ದನ್ನು ಪಟ್ಟಿ ಹೇಳುವುದೇ ಇಲ್ಲ. ಅವನ 24 ವರ್ಷದ ವಕೀಲಿಗೂ ಅದರಲ್ಲಿ ಒಂದು ಸಾಲಿಲ್ಲ. ಸೋತು ಸೋತು ಸುಣ್ಣವಾದವನು ದಿಢೀರನೆ ಗೆದ್ದ ಕಥೆ ಅಲ್ಲ ಇದು. 1860ರಲ್ಲಿ ಅವನನ್ನು ಪಕ್ಷದ ಅಭ್ಯರ್ಥಿ ಮಾಡಲು ಷಿಕಾಗೊದಲ್ಲಿ ಹಗಲು ರಾತ್ರಿ ಓಡಾಡಿದವರ ಮುಂದಾಳು ಯಾರು ಗೊತ್ತೇ? ಪೂರ್ತಿ ಮಂಚ ಬೇಕಾಗಿದ್ದ ಅದೇ ನ್ಯಾಯಾಧೀಶ ಡೇವಿಸ್.

ಅಧ್ಯಕ್ಷನಾದಾಗ ವಕೀಲಿ ಬಿಟ್ಟನೇ?

1861ರ ಫೆಬ್ರವರಿಯಲ್ಲಿ ಹೊರಡುವ ಮುನ್ನ ಹರ್ನ್‌ಡನ್ ಜೊತೆ ಕಚೇರಿಯಲ್ಲಿ ಹಳೆಯ ಮಾತಾಡುತ್ತಾ ಕೂತ. ಇಳಿದು ಹೋಗುವಾಗ ಮೆಟ್ಟಿಲ ಹತ್ತಿರ ತೂಗುತ್ತಿದ್ದ ಬೋರ್ಡು ತೋರಿಸಿ, ಅದು ಹಾಗೇ ಇರಲಿ, ಬದುಕಿದ್ದರೆ ಬರುತ್ತೇನೆ, ಏನೂ ಆಗಿಲ್ಲ ಎಂಬಂತೆ ಮತ್ತೆ ವಕೀಲಿ ಮಾಡೋಣ ಎಂದ. ಇದನ್ನು ನಮಗೆ ಹೇಳಿದವನು ಹರ್ನ್‌ಡನ್‌ನೇ. 1865ರಲ್ಲಿ ಲಿಂಕನ್ ಸಾಯುವವರೆಗೂ ಆ ಪಾಲುದಾರಿಕೆ ಮುಗಿಯಲಿಲ್ಲ.

ಆ ಕಡೆ ಹೋದರೆ ಏನು ನೋಡಬಹುದು?

ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ಕೇಳುತ್ತಿರುತ್ತಾರೆ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅವನು 1844ರಲ್ಲಿ ಕೊಂಡ ಮನೆ, ಕಚೇರಿ ಇದ್ದ ಕಟ್ಟಡ, ಹಳೆಯ ವಿಧಾನಸೌಧ ಮೂರೂ ನಡೆದು ನೋಡುವಷ್ಟು ಹತ್ತಿರ. ನ್ಯೂ ಸೇಲಂ ಊರು ಅವನ ಕಾಲದಲ್ಲೇ ಖಾಲಿಯಾಯಿತು. ಈಗ ಅಲ್ಲಿ ದಿಮ್ಮಿ ಮನೆಗಳನ್ನು ಹಳೆಯ ಜಾಗದಲ್ಲೇ ಮತ್ತೆ ಕಟ್ಟಿದ್ದಾರೆ. ವ್ಯಾಂಡೇಲಿಯಾದ ಬಿಳಿ ಬಣ್ಣದ ವಿಧಾನಸಭೆ ಕಟ್ಟಡವೂ ಇದೆ. ಒಂದೇ ಜಾಗಕ್ಕೆ ಸಮಯ ಇದೆ ಎಂದರೆ ನಾನು ಬಿಯರ್ಡ್ಸ್‌ಟೌನ್ ಎನ್ನುತ್ತೇನೆ. ಪಂಚಾಂಗ ತೋರಿಸಿದ ಆ ಕೋರ್ಟು ಹಾಲ್ ಮಹಡಿಯ ಮೇಲೆ ಇಂದಿಗೂ ಇದೆ.